ಮೊದಲ ಮುದ್ರಣವೋ, ನಮ್ಮ ಮುದ್ರಣವೋ?

ಭಾನುವಾರ ಹೈದರಾಬಾದಿನ ಅಬಿಡ್ಸ್‌ನಲ್ಲಿ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಅವುಗಳ ಮುಂದಿನ ಫುಟ್‌ಪಾತು ಆವತ್ತು ಹಳೆ ಪುಸ್ತಕದವರದು. ಪ್ಲಾಸ್ಟಿಕ್ ಹಾಳೆಯ ಮೇಲೆ ಎಂಟ್ರೆನ್ಸ್ ಪರೀಕ್ಷೆಯ ಗೈಡುಗಳು, ಇಂಗ್ಲಿಷ್ ಥ್ರಿಲ್ಲರುಗಳು, ಉರ್ದು ಪತ್ತೇದಾರಿ ಕಾದಂಬರಿಗಳು, ತೆಲುಗು ಚಂದಮಾಮದ ಬಿಡಿ ಸಂಚಿಕೆಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಈ ರಾಶಿಯಲ್ಲಿ ಕೈಯಾಡಿಸುವ ಒಂದು ಸಣ್ಣ ಪಂಗಡಕ್ಕೆ ಬೇಕಾದ್ದು ಹಳೆಯ ಕಾಮಿಕ್ಸ್ ಮಾತ್ರ. ಫ್ಯಾಂಟಮ್, ಮ್ಯಾಂಡ್ರೇಕ್, ಫ್ಲ್ಯಾಶ್ ಗಾರ್ಡನ್, ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್: ಎಲ್ಲರೂ ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ ಹುಟ್ಟಿದವರು. ಅವರ ಮೊದಲ ಮುದ್ರಣ ಇಲ್ಲಿ ಸಿಗುತ್ತದೆಂದು ಯಾರೂ ಬರುವುದಿಲ್ಲ. ಸಿಗುವುದು ಕಾಲು ಶತಮಾನ ತಡವಾಗಿ, ಬೇರೆ ಅಳತೆಯಲ್ಲಿ, ಬೇರೆ ಬಣ್ಣದಲ್ಲಿ, ಹಲವು ಸಲ ಬೇರೆ ಭಾಷೆಯಲ್ಲೇ ಅಚ್ಚಾದ ಪ್ರತಿ.

ಜಗಳ ಶುರುವಾಗುವುದೂ ಇಲ್ಲಿಂದಲೇ. ಯುದ್ಧಕಾಲದ ಸಾಹಸ ಕಾಮಿಕ್ಸನ್ನು ಸಂಗ್ರಹಿಸುವುದು ಎಂದರೆ ಏನನ್ನು ಸಂಗ್ರಹಿಸುವುದು? ನ್ಯೂಯಾರ್ಕಿನಲ್ಲಿ 1940ರ ಸುಮಾರಿಗೆ ಅಚ್ಚಾದ ಹಾಳೆಯನ್ನೇ? ಅದೇ ನಾಯಕನನ್ನು 1960ರ ದಶಕದಲ್ಲಿ ನಮ್ಮ ಮನೆಗಳಿಗೆ ತಂದ ಅಗ್ಗದ ಮರುಮುದ್ರಣವನ್ನೇ? ಅಥವಾ ಕಾಗದ ಹೋದರೂ ಉಳಿಯುವ ಕಥೆಯನ್ನೇ? ಒಬ್ಬೊಬ್ಬರದು ಒಂದೊಂದು ಉತ್ತರ. ಆ ಉತ್ತರಗಳನ್ನು ಒಂದೆಡೆ ಹರಡಿ ನೋಡುವುದು ಈ ಲೇಖನದ ಕೆಲಸ. ನನ್ನದೂ ಒಂದು ಪಕ್ಷವಿದೆ, ಅದನ್ನು ಬಚ್ಚಿಟ್ಟುಕೊಳ್ಳುವುದಿಲ್ಲ.

ಯುದ್ಧ ಬೆಳೆಸಿದ ನಾಯಕರು

ಲೀ ಫಾಕ್ 1934ರಲ್ಲಿ ಮ್ಯಾಂಡ್ರೇಕನನ್ನೂ 1936ರ ಫೆಬ್ರುವರಿಯಲ್ಲಿ ಫ್ಯಾಂಟಮ್‌ನನ್ನೂ ಸೃಷ್ಟಿಸಿದಾಗ ಇಬ್ಬರೂ ಅಮೆರಿಕದ ದಿನಪತ್ರಿಕೆಗಳಲ್ಲಿ ದಿನಕ್ಕೆ ಮೂರು ನಾಲ್ಕು ಚೌಕಗಳಷ್ಟೇ ಬದುಕುತ್ತಿದ್ದರು. ಅಲೆಕ್ಸ್ ರೇಮಂಡ್‌ನ ಫ್ಲ್ಯಾಶ್ ಗಾರ್ಡನ್ ಬಂದದ್ದೂ 1934ರಲ್ಲೇ. ಬಿಡಿ ಪುಸ್ತಕದ ಕಥೆ ಬೇರೆ. 1938ರ ಜೂನ್ ತಿಂಗಳ ಹೆಸರಿನಲ್ಲಿ ಹತ್ತು ಸೆಂಟ್ ಬೆಲೆಗೆ ಹೊರಬಂದ 'ಆಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆಯಲ್ಲಿ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ಯುವಕರ ಸೂಪರ್‌ಮ್ಯಾನ್ ಇದ್ದ. ಆ ಪಾತ್ರದ ಹಕ್ಕನ್ನು ಅವರು 130 ಡಾಲರಿಗೆ ಬರೆದುಕೊಟ್ಟಿದ್ದರು. ಮರುವರ್ಷ ಬ್ಯಾಟ್‌ಮ್ಯಾನ್, 1940ರಲ್ಲಿ ಕ್ಯಾಪ್ಟನ್ ಮಾರ್ವೆಲ್, 1941ರ ಕೊನೆಗೆ ವಂಡರ್ ವುಮನ್ ಬಂದರು.

ಯುದ್ಧ ಇವರಿಗೆ ಸಿದ್ಧ ಖಳನನ್ನು ಕೊಟ್ಟಿತು. ಜೋ ಸೈಮನ್ ಮತ್ತು ಜ್ಯಾಕ್ ಕರ್ಬಿ ರೂಪಿಸಿದ 'ಕ್ಯಾಪ್ಟನ್ ಅಮೆರಿಕ'ದ ಮೊದಲ ಸಂಚಿಕೆಯ ಮುಖಪುಟದಲ್ಲಿ ನಾಯಕ ಹಿಟ್ಲರನ ದವಡೆಗೆ ಗುದ್ದುತ್ತಾನೆ. ಮುಖಪುಟದ ಮೇಲಿರುವ ತಿಂಗಳು 1941ರ ಮಾರ್ಚ್. ಪುಸ್ತಕ ಅಂಗಡಿಗೆ ಬಂದದ್ದು 1940ರ ಡಿಸೆಂಬರಿನಲ್ಲಿ. ಪರ್ಲ್ ಹಾರ್ಬರ್ ದಾಳಿಗೆ ಇನ್ನೂ ಒಂದು ವರ್ಷವಿತ್ತು, ಅಮೆರಿಕ ಯುದ್ಧಕ್ಕೇ ಇಳಿದಿರಲಿಲ್ಲ. ಅದೇ 1940ರಲ್ಲಿ 'ಲುಕ್' ಪತ್ರಿಕೆಗಾಗಿ ಸೀಗಲ್ ಮತ್ತು ಶುಸ್ಟರ್ ಮಾಡಿಕೊಟ್ಟ ಎರಡು ಪುಟದ ಕಥೆಯಲ್ಲಿ ಸೂಪರ್‌ಮ್ಯಾನ್ ಹಿಟ್ಲರನ ಕುತ್ತಿಗೆ ಹಿಡಿದು ಎಳೆದೊಯ್ಯುತ್ತಾನೆ. ಅದನ್ನು ನೋಡಿ ಸಿಟ್ಟಿಗೆದ್ದ ನಾಜಿ ಎಸ್‌ಎಸ್ ಪಡೆಯ ವಾರಪತ್ರಿಕೆ ಸೀಗಲ್‌ನ ಯಹೂದಿ ಹುಟ್ಟನ್ನೇ ಹೀಯಾಳಿಸಿ ಬರೆಯಿತು. ಮಕ್ಕಳ ಪುಸ್ತಕಕ್ಕೆ ಇಷ್ಟು ದೊಡ್ಡ ಶತ್ರು ಸಿಕ್ಕಿದ್ದು ಅಪರೂಪ.

ಆ ಪ್ರತಿಗಳು ಇವತ್ತು ಏಕೆ ದುರ್ಲಭ ಎಂಬುದಕ್ಕೆ ಕಾರಣವೂ ಯುದ್ಧವೇ. ಲಕ್ಷಗಟ್ಟಲೆ ಅಚ್ಚಾದ ಪುಸ್ತಕಗಳನ್ನು ಅಮೆರಿಕದ ಮಕ್ಕಳು ಕಾಗದ ಸಂಗ್ರಹ ಅಭಿಯಾನದಲ್ಲಿ ಕಟ್ಟುಕಟ್ಟಾಗಿ ರದ್ದಿಗೆ ಹಾಕಿದರು. ಹಾಗೆ ಹಾಕಿ ಎಂದು ಕಾಮಿಕ್ಸಿನ ಪುಟಗಳೇ ಹೇಳುತ್ತಿದ್ದವು. ಬ್ರಿಟನ್ನಿನಲ್ಲಿ ಕಾಗದದ ಕೊರತೆಯಿಂದ 'ಡ್ಯಾಂಡಿ', 'ಬೀನೊ' ಎಂಬ ಮಕ್ಕಳ ವಾರಪತ್ರಿಕೆಗಳು ಒಂದು ವಾರ ಅದು, ಒಂದು ವಾರ ಇದು ಎಂಬಂತೆ ಬರಬೇಕಾಯಿತು. ಯುದ್ಧ ಮುಗಿದ ಮೇಲೆ ಮುಖವಾಡದ ವೀರರಿಗೆ ಬೇಡಿಕೆ ಇಳಿಯಿತು. 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತದೆ ಎಂದು ಪುಸ್ತಕವನ್ನೇ ಬರೆದ. ಪ್ರಕಾಶಕರು ಅದೇ ವರ್ಷ ತಮಗೆ ತಾವೇ ನೀತಿಸಂಹಿತೆ ಹಾಕಿಕೊಂಡರು. ಸಂಗ್ರಾಹಕರು 'ಸುವರ್ಣಯುಗ' ಎನ್ನುವುದು 1938ರಿಂದ ಹೆಚ್ಚೂಕಡಿಮೆ ಆ ಹೊತ್ತಿನವರೆಗಿನ ಅವಧಿಯನ್ನು.

ದಖ್ಖನಿಗೆ ಬಂದ ದಾರಿ

ಯುದ್ಧ ಹೈದರಾಬಾದಿಗೆ ದೂರದ ಸುದ್ದಿಯಾಗಿರಲಿಲ್ಲ. ಬ್ರಿಟನ್ನಿನ ವಾಯುಪಡೆಯ 152ನೇ ಸ್ಕ್ವಾಡ್ರನ್ 'ಹೈದರಾಬಾದ್' ಎಂಬ ಹೆಸರು ಹೊತ್ತಿತ್ತು; ಅದರ ಲಾಂಛನದಲ್ಲಿ ನಿಜಾಮರ ಶಿರಸ್ತ್ರಾಣವಿತ್ತು. 1940ರಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ಸ್ಪಿಟ್‌ಫೈರ್ ಹಾರಿಸಿದ ಆ ಪಡೆ ಆಮೇಲೆ ಬರ್ಮಾ ಕಡೆಗೂ ಬಂತು. ಬೇಗಂಪೇಟೆಯಲ್ಲಿ ವಿಮಾನ ಚಾಲಕರ ತರಬೇತಿ ನಡೆಯುತ್ತಿತ್ತು. ಸಿಕಂದರಾಬಾದ್ ದಂಡಿನ ಊರು. ಇತ್ತ ಬೆಂಗಳೂರಿನಲ್ಲಿ 1940ರ ಡಿಸೆಂಬರಿನಲ್ಲಿ ಶುರುವಾದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ವಾಯುಸೇನೆಯೇ ನಡೆಸಲು ತೆಗೆದುಕೊಂಡಿತ್ತು. ಕಾಮಿಕ್ಸ್ ಓದುವುದರಲ್ಲಿ ಅಮೆರಿಕನ್ ಸೈನಿಕರು ಅವರ ಮಕ್ಕಳಿಗಿಂತ ಹಿಂದಿರಲಿಲ್ಲ.

ಇಷ್ಟು ಸಾಕು, ಒಂದು ದಂತಕಥೆ ಹುಟ್ಟಲು. ದಂಡಿನ ಪ್ರದೇಶದ ಯಾವುದೋ ಹಳೆ ಬಂಗಲೆಯ ಅಟ್ಟದಲ್ಲಿ, ಯಾರೋ ಬಿಟ್ಟುಹೋದ ಟ್ರಂಕಿನಲ್ಲಿ 1942ರ ಬ್ಯಾಟ್‌ಮ್ಯಾನ್ ಮಲಗಿದ್ದಾನೆ ಎಂಬ ಆಸೆ ಸಂಗ್ರಾಹಕರನ್ನು ಬಿಡುವುದಿಲ್ಲ. ಒಂದೋ ಎರಡೋ ಪ್ರತಿ ಹಾಗೆ ಉಳಿದಿದ್ದರೂ ಉಳಿದಿರಬಹುದು. ಆದರೆ ಓದಿ ಎಸೆಯುವುದಕ್ಕೆಂದೇ ಅಚ್ಚು ಹಾಕಿದ ಕಾಗದ ಎಂಬತ್ತು ಮಳೆಗಾಲ ದಾಟಿ ಇಲ್ಲಿ ಉಳಿಯಬೇಕಾದರೆ ಪವಾಡವೇ ನಡೆಯಬೇಕು. ಆಸೆಯ ಮೇಲೆ ಇತಿಹಾಸ ಕಟ್ಟಲಾಗದು.

ಖಚಿತವಾದ ದಾರಿ ಬೇರೆಯದು. 1940ರ ದಶಕದಲ್ಲಿ 'ಇಲ್ಲಸ್ಟ್ರೇಟೆಡ್ ವೀಕ್ಲಿ ಆಫ್ ಇಂಡಿಯಾ' ಫ್ಯಾಂಟಮ್ ಸ್ಟ್ರಿಪ್ಪನ್ನು ಪ್ರಕಟಿಸತೊಡಗಿತು. ಅದು ಇಂಗ್ಲಿಷ್ ಬಲ್ಲ, ವಾರಪತ್ರಿಕೆ ಕೊಳ್ಳಬಲ್ಲ ಮನೆಗಳಿಗೆ ಬಂತು. ಮಿಕ್ಕವರಿಗೆ ಅವನು ಸಿಕ್ಕಿದ್ದು 1964ರ ಮಾರ್ಚ್‌ನಲ್ಲಿ, ಟೈಮ್ಸ್ ಆಫ್ ಇಂಡಿಯಾದ ಬೆನೆಟ್ ಕೋಲ್ಮನ್ ಕಂಪನಿ ಇಂದ್ರಜಾಲ ಕಾಮಿಕ್ಸ್ ಆರಂಭಿಸಿದ ಮೇಲೆ. ಮೊದಲ ಸಂಚಿಕೆ ಫ್ಯಾಂಟಮ್‌ನ ಬೆಲ್ಟಿನ ಕಥೆ. ಮೊದಲ 32 ಸಂಚಿಕೆಗಳೂ ಅವನಿಗೇ ಮೀಸಲು. ಮ್ಯಾಂಡ್ರೇಕ್, ಫ್ಲ್ಯಾಶ್ ಗಾರ್ಡನ್ ಮೊದಲಾದವರ ಸರದಿ ಆಮೇಲಿನದು. ತಿಂಗಳಿಗೊಮ್ಮೆ ಬರುತ್ತಿದ್ದದ್ದು ಹದಿನೈದು ದಿನಕ್ಕೊಮ್ಮೆಯಾಗಿ, ಕೊನೆಗೆ ವಾರಕ್ಕೊಮ್ಮೆಯಾಗಿ, 1990ರಲ್ಲಿ ನಿಲ್ಲುವ ಹೊತ್ತಿಗೆ ಸುಮಾರು 800 ಸಂಚಿಕೆಗಳಾಗಿದ್ದವು. ಇಂಗ್ಲಿಷ್, ಹಿಂದಿ, ಮರಾಠಿ, ಬಂಗಾಳಿ, ಗುಜರಾತಿ, ತಮಿಳು, ಮಲಯಾಳ, ಕನ್ನಡ ಹೀಗೆ ಹಲವು ಭಾಷೆಗಳಲ್ಲಿ ಬಂದವು.

ಇಲ್ಲೊಂದು ಸೂಕ್ಷ್ಮವಿದೆ, ಅನೇಕರು ಅದನ್ನು ಗಮನಿಸುವುದಿಲ್ಲ. ಇಂದ್ರಜಾಲದಲ್ಲಿ ನಾವು ಓದಿದವರು ಯುದ್ಧಕಾಲದ ನಾಯಕರಾದರೂ ಹೆಚ್ಚಿನ ಕಥೆಗಳು ಯುದ್ಧಾನಂತರದವು. ಮೊದಲ ಸಂಚಿಕೆಯ ಕಥೆಯೇ 1950ರ ದಶಕದ್ದು, ವಿಲ್ಸನ್ ಮೆಕಾಯ್ ಬರೆದ ಚಿತ್ರಗಳು. ಆಮೇಲೆ ಬಂದದ್ದು ಬಹುಪಾಲು ಸೈ ಬ್ಯಾರಿ ಚಿತ್ರಿಸಿದ ಫ್ಯಾಂಟಮ್. ಬ್ಯಾರಿ ಕುಂಚ ಹಿಡಿದದ್ದು 1961ರಲ್ಲಿ. 1942–43ರಲ್ಲಿ ಫ್ಯಾಂಟಮ್ ತನ್ನ ಕಾಡಿಗೆ ನುಗ್ಗಿದ ಜಪಾನೀ ಸೈನ್ಯದ ಮೇಲೆ ನಿಜವಾಗಿಯೇ ಯುದ್ಧ ಮಾಡಿದ್ದ. ಇಂದ್ರಜಾಲ ಓದಿ ಬೆಳೆದ ನಮ್ಮವರ ನೆನಪಿನಲ್ಲಿರುವ ಫ್ಯಾಂಟಮ್ ಆ ಸೈನಿಕನಲ್ಲ. ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡುವ ಡಯಾನಾಳನ್ನು ಪ್ರೀತಿಸುವ, ಕಡಲ್ಗಳ್ಳರನ್ನು ಬಡಿಯುವ ಶಾಂತಿಕಾಲದ ಗೃಹಸ್ಥ.

ಯುದ್ಧವನ್ನೇ ಓದಬೇಕೆಂದವರಿಗೆ ಬೇರೆ ಸರಕಿತ್ತು. ಫ್ಲೀಟ್‌ವೇ ಪ್ರಕಾಶನದ 'ವಾರ್ ಪಿಕ್ಚರ್ ಲೈಬ್ರರಿ' 1958ರಲ್ಲೂ ಡಿ.ಸಿ. ಥಾಮ್ಸನ್ ಕಂಪನಿಯ 'ಕಮ್ಯಾಂಡೊ' 1961ರಲ್ಲೂ ಬ್ರಿಟನ್ನಿನಲ್ಲಿ ಶುರುವಾದವು. ಅಂಗೈಯಗಲದ, ಕಪ್ಪುಬಿಳುಪಿನ ಈ ಪುಸ್ತಕಗಳು ನಮ್ಮ ರೈಲು ನಿಲ್ದಾಣಗಳ ಪುಸ್ತಕದಂಗಡಿಗಳಿಗೂ ಬಾಡಿಗೆ ಲೈಬ್ರರಿಗಳಿಗೂ ಬಂದವು. ಎರಡನೆಯ ಮಹಾಯುದ್ಧವನ್ನು ಚಿತ್ರಗಳಲ್ಲಿ ಕಂಡ ನಮ್ಮ ಹುಡುಗರು ಕಂಡದ್ದು ಬ್ರಿಟಿಷ್ ಕಣ್ಣಿನಿಂದ. ಆ ಯುದ್ಧದಲ್ಲಿ 25 ಲಕ್ಷ ಭಾರತೀಯರು ಸಮವಸ್ತ್ರ ತೊಟ್ಟಿದ್ದರು. ಆ ಪುಟಗಳಲ್ಲಿ ಅವರ ಮುಖ ಕಾಣುವುದು ಅಪರೂಪ.

ಕನ್ನಡದ ಎಳೆ

ಹೈದರಾಬಾದಿನ ಕನ್ನಡಿಗರ ಕಥೆಗೆ ಇನ್ನೊಂದು ತಿರುವಿದೆ. ಕಲಬುರಗಿ, ಬೀದರ್, ರಾಯಚೂರುಗಳು ನಿಜಾಮರ ರಾಜ್ಯದಲ್ಲಿದ್ದಷ್ಟು ಕಾಲ ಕಲಿಕೆಯ, ಕಚೇರಿಯ ಭಾಷೆ ಉರ್ದು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿ. ಕಾಚಿಗುಡದ ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರದಂಥ ಸಂಸ್ಥೆಗಳು ಕನ್ನಡವನ್ನು ಹಿಡಿದು ನಿಲ್ಲಿಸಬೇಕಾಯಿತು. ಯುದ್ಧದ ವರ್ಷಗಳಲ್ಲಿ ಈ ಭಾಗದ ಕನ್ನಡದ ಹುಡುಗನೊಬ್ಬನ ಕೈಗೆ ಕನ್ನಡದ ಚಿತ್ರಕಥೆ ಬರುವ ಮಾತೇ ಇರಲಿಲ್ಲ. 1956ರಲ್ಲಿ ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ನಗರದಲ್ಲೇ ಉಳಿದ ಕನ್ನಡ ಮನೆಗಳಿಗೆ ಓದುವ ಸಾಮಗ್ರಿ ಬರಬೇಕಾದ್ದು ಹೊರಗಿನಿಂದ: ಮದ್ರಾಸಿನಿಂದ ಚಂದಮಾಮ, ಬೆಂಗಳೂರಿನಿಂದ 'ಸುಧಾ', ಬೊಂಬಾಯಿಯಿಂದ ಇಂದ್ರಜಾಲ.

ಚಂದಮಾಮ 1947ರ ಜುಲೈನಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಆರಂಭವಾಗಿ 1949ರಲ್ಲಿ ಕನ್ನಡಕ್ಕೆ ಬಂತು. ಕನ್ನಡಿಗ ಎಂ.ಟಿ.ವಿ. ಆಚಾರ್ಯರು ಅದಕ್ಕೆ ಬರೆದ ಮಹಾಭಾರತದ ಮುಖಪುಟಗಳನ್ನು ಇವತ್ತಿಗೂ ಹುಡುಕುವವರಿದ್ದಾರೆ. 1965ರಲ್ಲಿ ಶುರುವಾದ 'ಸುಧಾ' ಫ್ಯಾಂಟಮ್‌ಗೆ ಕನ್ನಡದಲ್ಲಿ ಮಾತು ಕೊಟ್ಟಿತು. ಆ ಪುಟಗಳನ್ನು ವಾರವಾರವೂ ಕತ್ತರಿಸಿ, ಕ್ರಮವಾಗಿ ಜೋಡಿಸಿ, ದಾರ ಹಾಕಿ ಹೊಲಿದು ಬೈಂಡು ಮಾಡಿಸಿದ ಮನೆಗಳು ಕರ್ನಾಟಕದಲ್ಲಿ ಎಷ್ಟೋ. ಅಂಥ ಮನೆಗೊಂದು ಬೈಂಡನ್ನು ಯಾವ ಪ್ರಕಾಶಕನೂ ಹೊರತಂದದ್ದಲ್ಲ. ಜಗತ್ತಿನಲ್ಲಿ ಅಂಥದ್ದು ಒಂದೇ ಪ್ರತಿ. ಸಂಗ್ರಹದ ಯಾವ ಬೆಲೆಪಟ್ಟಿಯಲ್ಲೂ ಅದಕ್ಕೆ ಜಾಗವಿಲ್ಲ ಎನ್ನುವುದನ್ನು ಬೇಕೆಂದೇ ಇಲ್ಲಿ ಹೇಳುತ್ತಿದ್ದೇನೆ, ಮುಂದೆ ಬೇಕಾಗುತ್ತದೆ.

ಇನ್ನು ಅಮರ ಚಿತ್ರಕಥೆ. ಯುದ್ಧಕಾಲದ ಸೂಪರ್‌ಹೀರೊಗಳಿಗೆ ಭಾರತ ಕೊಟ್ಟ ಉತ್ತರ ಇದೇ ಎನ್ನುವವರಿದ್ದಾರೆ. ಅದರ ಹುಟ್ಟಿನ ಬಗ್ಗೆ ಎರಡು ಕಥೆಗಳಿವೆ, ಎರಡರಲ್ಲೂ ಕನ್ನಡಿಗರೇ. ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈ ಟೈಮ್ಸ್ ಸಂಸ್ಥೆಯಲ್ಲಿದ್ದು ಇಂದ್ರಜಾಲದ ಆರಂಭದಲ್ಲಿ ಕೈ ಜೋಡಿಸಿದವರು. 1967ರಲ್ಲಿ ದೆಹಲಿಯ ದೂರದರ್ಶನದ ಕ್ವಿಜ್ ಒಂದರಲ್ಲಿ ಮಕ್ಕಳಿಗೆ ಗ್ರೀಕ್ ಪುರಾಣ ಗೊತ್ತಿದ್ದು ರಾಮನ ತಾಯಿಯ ಹೆಸರು ಗೊತ್ತಾಗಲಿಲ್ಲ, ಅದನ್ನು ನೋಡಿ ಈ ಮಾಲೆಯ ಯೋಚನೆ ಬಂತು ಎಂದು ಅವರು ಹೇಳುತ್ತಿದ್ದರು. ಇನ್ನೊಂದು ಕಥೆ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರದು. 1965ರಲ್ಲೇ ಈ ಯೋಚನೆಯನ್ನು ಮುಂದಿಟ್ಟವರು ತಾವು, ಮೊದಲ ಪುಸ್ತಕಗಳು ಬಂದದ್ದು ಕನ್ನಡದಲ್ಲಿ, ಆ ಯಶಸ್ಸು ಕಂಡ ಮೇಲೆ ಬೊಂಬಾಯಿಯವರು ಇಂಗ್ಲಿಷಿಗೆ ಕೈಹಾಕಿದರು ಎಂಬುದು ಅವರ ಮಾತು. ಮೊದಲ ಹತ್ತು ಸಂಖ್ಯೆಗಳು ಸಿಂಡ್ರೆಲಾ, ಸ್ನೋ ವೈಟ್, ಪಿನೋಕಿಯೊ ಮುಂತಾದ ಪಾಶ್ಚಾತ್ಯ ಕಥೆಗಳು. ರಾಮ್ ವಾಯೀರ್ಕರ್ ಚಿತ್ರಿಸಿದ 'ಕೃಷ್ಣ'ನಿಗೆ ಸಿಕ್ಕಿದ್ದು 11ನೇ ಸಂಖ್ಯೆ. ಇಂಗ್ಲಿಷ್ ಮಾಲೆ ಓದಿ ಬೆಳೆದವರು ಒಂದರಿಂದ ಹತ್ತರವರೆಗಿನವು ಎಲ್ಲಿ ಹೋದವು ಎಂದು ತಲೆ ಕೆರೆದುಕೊಳ್ಳುವುದು ಇದಕ್ಕೇ. ಎರಡು ಕಥೆಗಳೂ ಏಕಕಾಲಕ್ಕೆ ನಿಜವಿರಬಹುದು: ಅಂಗಡಿಯ ಅನುಭವ ಒಬ್ಬರದು, ಸಂಪಾದಕನ ಛಲ ಇನ್ನೊಬ್ಬರದು. ಏನೇ ಇರಲಿ, ಭಾರತದ ಅತಿ ಪ್ರಸಿದ್ಧ ಕಾಮಿಕ್ಸ್ ಮಾಲೆಯ ಮೊದಲ ಪುಸ್ತಕಗಳು ಕನ್ನಡದವು ಎಂಬ ಈ ಮಾತು ಕನ್ನಡಿಗರಿಗೇ ಹೆಚ್ಚು ಗೊತ್ತಿಲ್ಲ.

ಮೊದಲ ಮುದ್ರಣದ ಪಕ್ಷ

ಈಗ ವಾದಗಳಿಗೆ ಬರೋಣ. ಎಲ್ಲಕ್ಕಿಂತ ಬಲಶಾಲಿ ಪಕ್ಷ ಅಮೆರಿಕದ್ದು. ಅದರ ನಿಯಮ ಸರಳ: ಪಾತ್ರ ಮೊದಲು ಕಾಣಿಸಿಕೊಂಡ ಸಂಚಿಕೆ, ಮೊದಲ ಮುದ್ರಣ, ಕೈಸವೆತವಿಲ್ಲದ ಸ್ಥಿತಿ. 1970ರಲ್ಲಿ ಓವರ್‌ಸ್ಟ್ರೀಟ್ ಬೆಲೆಪಟ್ಟಿ ಬಂದ ಮೇಲೆ ಇದಕ್ಕೊಂದು ಶಾಸ್ತ್ರ ಸಿಕ್ಕಿತು. 2000ದಲ್ಲಿ ಸಿಜಿಸಿ ಎಂಬ ಸಂಸ್ಥೆ ಪುಸ್ತಕದ ಸ್ಥಿತಿಗೆ ಹತ್ತರಲ್ಲಿ ಅಂಕ ಕೊಟ್ಟು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿಹಾಕುವ ಪದ್ಧತಿ ತಂದಿತು. 2024ರ ಏಪ್ರಿಲ್‌ನಲ್ಲಿ 8.5 ಅಂಕದ 'ಆಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆಯೊಂದು 60 ಲಕ್ಷ ಡಾಲರಿಗೆ ಹರಾಜಾಯಿತು. ಮರುವರ್ಷ ನವೆಂಬರಿನಲ್ಲಿ 1939ರ 'ಸೂಪರ್‌ಮ್ಯಾನ್' ಮೊದಲ ಸಂಚಿಕೆಯ ಒಂದು ಪ್ರತಿ 91.2 ಲಕ್ಷ ಡಾಲರ್ ತಂದಿತು. ಅದು ಅಟ್ಟದಲ್ಲಿ ಸಿಕ್ಕಿದ ಪ್ರತಿ. ಟ್ರಂಕಿನ ಆಸೆ ಇನ್ನೂ ಸಾಯದಿರುವುದು ಸುಮ್ಮನೆ ಅಲ್ಲ.

ಈ ಪಕ್ಷದ ವಾದ ಬೆಲೆ ಏಕೆ ಏರುತ್ತದೆ ಎಂಬುದನ್ನು ಚೆನ್ನಾಗಿ ವಿವರಿಸುತ್ತದೆ: ಕಾಗದ ಸಂಗ್ರಹದಿಂದ ತಪ್ಪಿಸಿಕೊಂಡು ಉಳಿದದ್ದು ಕಡಿಮೆ, ಕೈಸವೆಯದೆ ಉಳಿದದ್ದು ಇನ್ನೂ ಕಡಿಮೆ. ಹೈದರಾಬಾದಿನಲ್ಲಿ 2013ರಲ್ಲಿ ಕಾಮಿಕ್ ಕಾನ್ ಕಾಲಿಟ್ಟ ಮೇಲೆ, ಹೊರದೇಶದಲ್ಲಿ ಕೆಲಸ ಮಾಡಿ ಬಂದ ಐಟಿ ಮಂದಿಯಲ್ಲಿ ಈ ದಾರಿಯವರೂ ಇದ್ದಾರೆ. ಆದರೆ ನಮ್ಮಲ್ಲಿ ಒಬ್ಬ ಹುಡುಗನಿಗೆ ಫ್ಯಾಂಟಮ್ ಏಕೆ ಫ್ಯಾಂಟಮ್ ಆದ ಎಂಬುದಕ್ಕೆ ಈ ವಾದದ ಹತ್ತಿರ ಉತ್ತರವಿಲ್ಲ. ಮುಚ್ಚಿದ ಪೆಟ್ಟಿಗೆಯ ಪುಸ್ತಕವನ್ನು ಓದುವುದಕ್ಕೂ ಆಗುವುದಿಲ್ಲ.

ಓದಿದ ಪ್ರತಿಯ ಪಕ್ಷ

ಎರಡನೆಯವರು ಬಾಲ್ಯವನ್ನು ಹುಡುಕುವವರು ಎಂದು ಹಗುರವಾಗಿ ಆಡಿಕೊಳ್ಳುವುದುಂಟು. ಅವರ ವಾದ ಅಷ್ಟು ಹಗುರವಲ್ಲ. ಮರುಮುದ್ರಣವೂ ಒಂದು ಜಾಗದ, ಒಂದು ಕಾಲದ ಪ್ರಕಟಣೆ ಎನ್ನುತ್ತಾರೆ ಅವರು. ಆಸ್ಟ್ರೇಲಿಯಾದಲ್ಲಿ ಫ್ರೂ ಪ್ರಕಾಶನ 1948ರಿಂದ ಇವತ್ತಿನವರೆಗೆ ಫ್ಯಾಂಟಮ್ ಪುಸ್ತಕಗಳನ್ನು ಹೊರತರುತ್ತಲೇ ಇದೆ. ಅದರ ಮೊದಲ ಸಂಚಿಕೆ ಅಮೆರಿಕದ ಹಳೆ ಸ್ಟ್ರಿಪ್ಪಿನ ಮರುಮುದ್ರಣವೇ, ಆದರೂ ಅಲ್ಲಿ ಅದು ಸಂಗ್ರಾಹಕರ ಕನಸು. ಸ್ವೀಡನ್ನಿನಲ್ಲಿ 1950ರಿಂದ ಬರುತ್ತಿರುವ ಫ್ಯಾಂಟಮ್ ಪತ್ರಿಕೆ ತನ್ನದೇ ಹೊಸ ಕಥೆಗಳನ್ನೂ ಬರೆಸಿತು. ಶಿವಕಾಶಿಯಿಂದ 1972ರಲ್ಲಿ ಹೊರಟ ಮುತ್ತು ಕಾಮಿಕ್ಸ್, 1984ರ ಲಯನ್ ಕಾಮಿಕ್ಸ್‌ಗಳಿಗೆ ತಮಿಳರಲ್ಲಿ ಇವತ್ತಿಗೂ ನಿಷ್ಠಾವಂತ ಓದುಗಬಳಗವಿದೆ. ಯಾವ ಕಥೆ ಯಾವ ಸಂಖ್ಯೆಯಲ್ಲಿ ಬಂತು, ಯಾವ ಮುಖಪುಟ ಯಾರದು ಎಂಬುದನ್ನು ಆ ಬಳಗ ಬಾಯಿಪಾಠದಲ್ಲಿ ಇಟ್ಟುಕೊಂಡಿದೆ.

ಇಂದ್ರಜಾಲದ ಪ್ರತಿಗಳೂ ಹಾಗೆಯೇ ತಮ್ಮದೇ ಆದ ವಸ್ತುಗಳು. ಬಿ. ಗೋವಿಂದರ ಮುಖಪುಟಗಳು ಅಮೆರಿಕದಲ್ಲಿ ಇರಲಿಲ್ಲ. ಮೂಲದಲ್ಲಿ ಫ್ಯಾಂಟಮ್‌ನ ದೇಶದ ಹೆಸರು ಬಂಗಾಳವನ್ನು ನೆನಪಿಸುವಂತಿದ್ದುದರಿಂದ ನಮ್ಮ ಸಂಪಾದಕರು ಅದನ್ನು 'ಡೆಂಕಾಲಿ' ಮಾಡಿದರು. ಅವನ ಹಗೆಗಳಾದ ಸಿಂಗ್ ಕಡಲ್ಗಳ್ಳರ ಹೆಸರನ್ನೂ ತಿದ್ದಿದರು. 1976ರಲ್ಲಿ ಆಬಿದ್ ಸುರತಿ ಸೃಷ್ಟಿಸಿದ, ಡಕಾಯಿತರ ವಿರುದ್ಧ ಹೋರಾಡುವ ಬಹಾದುರ್ ಇದೇ ಮಾಲೆಯಲ್ಲಿ ಕಾಣಿಸಿಕೊಂಡ. ಹೀಗೆ ತಿದ್ದಿ, ಬಣ್ಣ ಬದಲಿಸಿ, ಭಾಷೆ ಬದಲಿಸಿ ಬಂದದ್ದನ್ನು ನಕಲು ಎಂದು ಬದಿಗಿಡುವುದು ಕುಮಾರವ್ಯಾಸನನ್ನು ವ್ಯಾಸನ ಮರುಮುದ್ರಣ ಎಂದಂತೆ.

ನನ್ನ ಒಲವು ಈ ಕಡೆಗೆ. ಆದರೆ ಇವರ ದೌರ್ಬಲ್ಯವನ್ನೂ ಹೇಳಬೇಕು. ತಾವು ಓದಿದ್ದನ್ನು ಮಾತ್ರ ಹುಡುಕುವುದರಿಂದ ತಮ್ಮ ತಲೆಮಾರಿನ ಆಚೆಗೆ ಇವರ ಕಣ್ಣು ಹೋಗುವುದಿಲ್ಲ. ಹೈದರಾಬಾದಿನಲ್ಲಿ ಇಂಗ್ಲಿಷ್ ಇಂದ್ರಜಾಲಕ್ಕೆ ಗಿರಾಕಿಗಳಿದ್ದಾರೆ, ಹಿಂದಿಗೂ ಇದ್ದಾರೆ. ಕನ್ನಡದ ಪ್ರತಿ ಬಂದರೆ ಮಾರುವವನಿಗೆ ಅದನ್ನು ಓದಲು ಬಾರದು, ಕೊಳ್ಳುವವನು ಬರುವುದಿಲ್ಲ. ಮೊದಲು ರದ್ದಿಯ ತಕ್ಕಡಿಗೆ ಏರುವುದು ಅದೇ.

ದಾಖಲೆಯ ಪಕ್ಷ, ಆಕ್ಷೇಪದ ಪಕ್ಷ

ವಿದ್ವಾಂಸರಿಗೆ ಬೆಲೆಯೂ ಮುಖ್ಯವಲ್ಲ, ನೆನಪೂ ಮುಖ್ಯವಲ್ಲ. ಕಾಮಿಕ್ಸ್ ಅವರಿಗೆ ಒಂದು ಕಾಲದ ಸಾಕ್ಷಿ. ಯುದ್ಧಕಾಲದ ಅಮೆರಿಕನ್ ಕಾಮಿಕ್ಸಿನಲ್ಲಿ ಜಪಾನೀಯರನ್ನು ಹಲ್ಲು ಚಾಚಿದ ಪ್ರಾಣಿಗಳಂತೆ ಚಿತ್ರಿಸಿದ್ದು, ಮ್ಯಾಂಡ್ರೇಕನ ಆಫ್ರಿಕನ್ ಸಂಗಾತಿ ಲೋಥಾರನನ್ನು ಚಿರತೆ ಚರ್ಮ ತೊಡಿಸಿ ಆಳಿನಂತೆ ನಿಲ್ಲಿಸಿದ್ದು, ಕಾಡಿನ ಜನರನ್ನು ಕಾಯಲು ತಲೆಮಾರುಗಳಿಂದ ಒಬ್ಬ ಬಿಳಿಯನೇ ಬೇಕಾದದ್ದು: ಇವೆಲ್ಲ ಆ ಕಾಲದ ಮನಸ್ಸನ್ನು ತೋರಿಸುತ್ತವೆ. ಅಮರ ಚಿತ್ರಕಥೆಯ ಬಗ್ಗೆ ನಂದಿನಿ ಚಂದ್ರ 2008ರಲ್ಲಿ, ಕಾರ್ಲೀನ್ ಮೆಕ್ಲೇನ್ 2009ರಲ್ಲಿ ಪ್ರಕಟಿಸಿದ ಅಧ್ಯಯನಗಳು ಜಾತಿ, ಲಿಂಗ, ಧರ್ಮಗಳ ಚಿತ್ರಣವನ್ನು ಇದೇ ಬಗೆಯಲ್ಲಿ ಪ್ರಶ್ನಿಸಿವೆ.

ಇದನ್ನೇ ಮುಂದೊಯ್ದು, ಇಂಥವನ್ನು ಮುದ್ದಿನಿಂದ ಕೂಡಿಡುವುದೇ ತಪ್ಪು ಎನ್ನುವವರೂ ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಪೂರ್ವಗ್ರಹಕ್ಕೆ ಸಾಕ್ಷಿ ಬೇಕಾದರೆ ಪುಸ್ತಕ ಉಳಿಯಬೇಕು; ಮರುಮುದ್ರಣದಲ್ಲಿ ತಿದ್ದಿದ ಪ್ರತಿಯಲ್ಲ, ತಿದ್ದದ ಪ್ರತಿ. ಮೊದಲ ಮುದ್ರಣ ನಿಜವಾಗಿ ಬೇಕಾಗುವುದು ಇಲ್ಲಿ, ಹರಾಜಿನ ಕೋಣೆಯಲ್ಲಲ್ಲ.

ಉಳಿಸುವವರು ಯಾರು ಎಂಬುದು ಬೇರೆ ಪ್ರಶ್ನೆ. 1954ರ ಪುಸ್ತಕ ವಿತರಣಾ ಕಾಯಿದೆಯಂತೆ ಪ್ರಕಾಶಕರು ಪ್ರತಿಗಳನ್ನು ಕೊಡಬೇಕಾದ್ದು ಕೋಲ್ಕತ್ತ, ಚೆನ್ನೈ, ಮುಂಬೈ, ದೆಹಲಿಯ ನಾಲ್ಕು ಗ್ರಂಥಾಲಯಗಳಿಗೆ. ಹೈದರಾಬಾದ್ ಆ ಪಟ್ಟಿಯಲ್ಲಿಲ್ಲ, ಬೆಂಗಳೂರೂ ಇಲ್ಲ. ಬೆಂಗಳೂರಿನಲ್ಲಿ 2007ರಿಂದ ವ್ಯಂಗ್ಯಚಿತ್ರ ಗ್ಯಾಲರಿ ಇದೆ; ಕಾಮಿಕ್ಸಿಗೆಂದೇ ಒಂದು ಭಂಡಾರ ಈ ಎರಡು ನಗರಗಳಲ್ಲಿ ಬೆಳೆಯಲಿಲ್ಲ. ಒಬ್ಬನೇ ಮನುಷ್ಯನ ಸಂಗ್ರಹದ ಹುಚ್ಚು ಸಾಲಾರ್ ಜಂಗ್ ಮ್ಯೂಸಿಯಂ ಆದ ಊರಿನಲ್ಲಿ ಈ ಕೊರತೆ ಎದ್ದು ಕಾಣುತ್ತದೆ. ಅಲ್ಲಿ ಮಕ್ಕಳ ವಿಭಾಗದಲ್ಲಿ ಆಟಿಕೆ ಸೈನ್ಯಕ್ಕೆ ಜಾಗವಿದೆ.

ಸ್ಕ್ಯಾನ್ ಮಾಡುವವರು

ಇನ್ನೊಂದು ಪಕ್ಷದವರಿಗೆ ಕಾಗದದ ಮೇಲೆ ನಂಬಿಕೆಯಿಲ್ಲ, ಅದಕ್ಕೆ ಕಾರಣವೂ ಇದೆ. ಅಗ್ಗದ ನ್ಯೂಸ್‌ಪ್ರಿಂಟ್ ಕಾಗದದಲ್ಲಿ ಮರದ ಲಿಗ್ನಿನ್ ಉಳಿದಿರುತ್ತದೆ. ಬೆಳಕು, ಶಾಖ, ತೇವ ತಗುಲಿದಂತೆ ಅದು ಆಮ್ಲವಾಗಿ ಹಾಳೆಯನ್ನು ಮೊದಲು ಹಳದಿ, ಆಮೇಲೆ ಕಂದು, ಕೊನೆಗೆ ಪುಡಿ ಮಾಡುತ್ತದೆ. ಪಿನ್ನು ತುಕ್ಕು ಹಿಡಿದು ನಡುಹಾಳೆಯನ್ನು ತಿನ್ನುತ್ತದೆ. 1977ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಎಡ್ಗರ್ ಚರ್ಚ್ ಎಂಬಾತನ ಮನೆಯಲ್ಲಿ ಸಾವಿರಾರು ಯುದ್ಧಕಾಲದ ಕಾಮಿಕ್ಸ್ ಹೊಸದರಂತೆ ಸಿಕ್ಕಿದ್ದಕ್ಕೆ ಅಲ್ಲಿನ ಒಣ, ತಂಪು ಹವೆಯೂ ಕಾರಣ. ಹೈದರಾಬಾದಿನ ಏಪ್ರಿಲ್‌ನ ಕಾವು, ಜುಲೈನ ತೇವ, ವರ್ಷವಿಡೀ ಗೆದ್ದಲು: ಮೂರಕ್ಕೂ ಒಟ್ಟಿಗೆ ಉತ್ತರ ಕೊಡಬಲ್ಲ ಅಲ್ಮೇರಾ ಮಧ್ಯಮ ವರ್ಗದ ಮನೆಯಲ್ಲಿ ಇರುವುದಿಲ್ಲ.

ಅದಕ್ಕೇ ಸ್ಕ್ಯಾನ್. ಒಬ್ಬರ ಬಳಿ ಮುಖಪುಟ, ಇನ್ನೊಬ್ಬರ ಬಳಿ ಒಳಪುಟ. ಎರಡನ್ನೂ ಕೂಡಿಸಿ ಒಂದು ಪೂರ್ಣ ಪ್ರತಿ ಕಟ್ಟುವ ಹವ್ಯಾಸಿಗಳು ಇಂದ್ರಜಾಲದ ಬಹುಪಾಲನ್ನು ಅಳಿವಿನಿಂದ ಉಳಿಸಿದ್ದಾರೆ. ಕೈಲಿ ಹಿಡಿಯದ ಸಂಗ್ರಹ ಎಂಥ ಸಂಗ್ರಹ ಎಂದು ಮೊದಲ ಪಕ್ಷದವರು ನಗುತ್ತಾರೆ. ಆದರೆ ಓದಲು ಸಿಗುವಂತೆ ಮಾಡಿದವರು ಇವರೊಬ್ಬರೇ. ಇವರ ಕಷ್ಟ ಇರುವುದು ಕಾನೂನಿನಲ್ಲಿ.

ಇತ್ಯರ್ಥವಾಗದೆ ಉಳಿದದ್ದು

ಮೊದಲನೆಯದು ಹಕ್ಕಿನ ಪ್ರಶ್ನೆ. ಅಮೆರಿಕದಲ್ಲಿ ಆ ಕಾಲದ ಕೃತಿಗಳಿಗೆ ಪ್ರಕಟಣೆಯಿಂದ 95 ವರ್ಷ ರಕ್ಷಣೆ. ಆ ಲೆಕ್ಕದಲ್ಲಿ 1936ರ ಫ್ಯಾಂಟಮ್ 2032ರಲ್ಲೂ 1938ರ ಸೂಪರ್‌ಮ್ಯಾನ್ 2034ರಲ್ಲೂ ಸಾರ್ವಜನಿಕರ ಪಾಲಾಗುತ್ತಾರೆ. ಭಾರತದ 1957ರ ಕಾಯಿದೆ ಲೆಕ್ಕ ಹಾಕುವುದು ಲೇಖಕನ ಮರಣದಿಂದ 60 ವರ್ಷ. ಲೀ ಫಾಕ್ ತೀರಿಕೊಂಡದ್ದು 1999ರಲ್ಲಿ. ಹಾಗಾದರೆ ಇಂದ್ರಜಾಲದ ಒಂದು ಕನ್ನಡ ಸಂಚಿಕೆಯಲ್ಲಿ ಮೂಲ ಚಿತ್ರದ ಹಕ್ಕು ಯಾರದು, ಹೆಸರಿಲ್ಲದ ಅನುವಾದಕನ ಹಕ್ಕು ಯಾರದು, ಬಣ್ಣ ಹಾಕಿದವನಿಗೆ ಏನು? ಹಳೆ ಪ್ರತಿಯನ್ನು ಸ್ಕ್ಯಾನ್ ಮಾಡಿ ಗ್ರಂಥಾಲಯದಲ್ಲಿ ಓದಲು ಇಡುವುದಕ್ಕೂ ನೆಟ್ಟಿನಲ್ಲಿ ಹರಿಬಿಡುವುದಕ್ಕೂ ಕಾನೂನು ಗೆರೆ ಎಲ್ಲಿ ಎಳೆಯಬೇಕು? ಮಾರಾಟವೇ ನಿಂತ ಪುಸ್ತಕಗಳ ವಿಷಯದಲ್ಲಿ ಇದಕ್ಕೆ ಎಲ್ಲರೂ ಒಪ್ಪುವ ಉತ್ತರ ಬಂದಿಲ್ಲ.

ಎರಡನೆಯದು ಇನ್ನೂ ವಿಚಿತ್ರ. 1972ರ ಪುರಾತನ ವಸ್ತುಗಳ ಕಾಯಿದೆ ನೂರು ವರ್ಷದ ವಸ್ತುಗಳಿಗೆ ಅನ್ವಯಿಸುತ್ತದೆ. ಐತಿಹಾಸಿಕ, ಸಾಹಿತ್ಯಿಕ ಮೌಲ್ಯವುಳ್ಳ ಹಸ್ತಪ್ರತಿ, ದಾಖಲೆಗಳಿಗೆ 75 ವರ್ಷವೇ ಸಾಕು. 1941ರ ಕಾಮಿಕ್ಸ್ ಪುಸ್ತಕವೊಂದು ನಿಜವಾಗಿ ಸಿಕಂದರಾಬಾದಿನಲ್ಲಿ ಸಿಕ್ಕರೆ ಅದು 'ದಾಖಲೆ'ಯೇ? ಅದನ್ನು ಹೊರದೇಶದ ಹರಾಜಿಗೆ ಕಳಿಸಬಹುದೇ? ಅಚ್ಚಾದ ಮಕ್ಕಳ ಪುಸ್ತಕವನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಸಾಲನ್ನು ಬರೆದಿರಲಿಕ್ಕಿಲ್ಲ.

ಮೂರನೆಯದು ಅಮರ ಚಿತ್ರಕಥೆಯ ಮೊದಲ ಹೆಜ್ಜೆ ಯಾರದೆಂಬ ಪ್ರಶ್ನೆ. 1965ರ ಕನ್ನಡ ಪ್ರತಿಗಳನ್ನು ಮುದ್ರಣದ ವಿವರಗಳೊಡನೆ ಮುಂದಿಟ್ಟು ನೋಡದೆ ಅದು ತೀರುವುದಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ, ಎಲ್ಲಕ್ಕಿಂತ ಸುಲಭ, ಆದರೂ ಆಗಿಲ್ಲ. ಇಂಗ್ಲಿಷ್ ಇಂದ್ರಜಾಲಕ್ಕೆ ಸಂಖ್ಯೆವಾರು ಪಟ್ಟಿ ಇದೆ. ಕನ್ನಡದಲ್ಲಿ ಯಾವ ಯಾವ ಸಂಖ್ಯೆಗಳು ಬಂದವು, ಯಾವಾಗ ನಿಂತವು, ಅನುವಾದ ಮಾಡಿದವರು ಯಾರು, 'ಸುಧಾ'ದಲ್ಲಿ ಬಂದ ಕಥೆಗಳು ಯಾವ ಕ್ರಮದಲ್ಲಿ ಬಂದವು ಎಂಬುದಕ್ಕೆ ಎಲ್ಲರೂ ಒಪ್ಪುವ ಪಟ್ಟಿಯೊಂದು, ನಾನು ಬಲ್ಲಂತೆ, ಇಲ್ಲ. ಪಟ್ಟಿಯಿಲ್ಲದ ಕಡೆ ಅಪರೂಪದ್ದು ಯಾವುದು ಎಂದು ಯಾರೂ ಹೇಳಲಾರರು. ಅಮೆರಿಕದ ಮೊದಲ ಮುದ್ರಣ ಎಷ್ಟು ಉಳಿದಿದೆ ಎಂದು ಎಣಿಸುವವರಿದ್ದಾರೆ. ಕನ್ನಡದ ಪ್ರತಿ ಅದಕ್ಕಿಂತಲೂ ಕಡಿಮೆ ಉಳಿದಿರುವ ಸಾಧ್ಯತೆ ಇದೆ, ಎಣಿಸುವವರು ಮಾತ್ರ ಇಲ್ಲ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಕಲಬುರಗಿಯಲ್ಲೋ ಬೀದರಿನಲ್ಲೋ ಕಾಚಿಗುಡದಲ್ಲೋ ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಕನ್ನಡ ಕಾಮಿಕ್ಸ್, ಬೈಂಡು ಹಾಕಿಸಿದ ಫ್ಯಾಂಟಮ್ ಪುಟಗಳು ಇದ್ದರೆ ರದ್ದಿಗೆ ಹಾಕುವ ಮುನ್ನ ಮುಖಪುಟ, ಸಂಖ್ಯೆ, ತಾರೀಖು, ಪ್ರಕಾಶಕರ ಹೆಸರಿರುವ ಪುಟ ಇವಿಷ್ಟರ ಫೋಟೊ ತೆಗೆದಿಡಿ, ಹತ್ತಿರದ ಗ್ರಂಥಾಲಯಕ್ಕೋ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೋ ತಿಳಿಸಿ. ಮುಖಪುಟ ಹರಿದಿದ್ದರೂ ಪರವಾಗಿಲ್ಲ.